ಪ್ರಜೆಯೂ ಪೌರನೂ

‘ಪ್ರಜೆ’, ‘ಪೌರ’ ಎಂಬೆರಡು ಪದಗಳನ್ನು ನಾವು ತರಗತಿಯಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಸಂಸ್ಕೃತದಲ್ಲಿ ಪ್ರಜೆಯೆಂದರೆ ಸಂತಾನವೂ ಹೌದು. ಪೌರನಾದರೋ ಪುರಕ್ಕೆ ಸೇರಿದವನು. ಹುಟ್ಟು ಮುಖ್ಯವೋ, ನೆಲೆ ಮುಖ್ಯವೋ ಎಂಬ ವ್ಯಾಜ್ಯ ಹಳೆಯದು.

ಅಥೆನ್ಸಿನಲ್ಲಿ ಕ್ರಿ. ಪೂ. 451ರಲ್ಲಿ ಪೆರಿಕ್ಲಿಸನು, ತಂದೆತಾಯಿಗಳಿಬ್ಬರೂ ಪೌರಕುಲದವರಾಗಿದ್ದರೆ ಮಾತ್ರ ಮಕ್ಕಳಿಗೆ ಪೌರತ್ವವೆಂದು ಕಾಯಿದೆ ಮಾಡಿಸಿದನು. ಅಲ್ಲಿಯೇ ನೆಲೆಸಿ, ತೆರಿಗೆ ತೆತ್ತು, ಯುದ್ಧಕ್ಕೂ ಹೋಗುತ್ತಿದ್ದ ಪರಸ್ಥಳದವರಿಗೆ ಸಭೆಯಲ್ಲಿ ಬಾಯಿಲ್ಲ, ಹೆಂಗಸರಿಗೂ ಇಲ್ಲ, ಗುಲಾಮರ ಮಾತಂತೂ ಎತ್ತುವಂತಿಲ್ಲ. ಮುಂದೆ ಮಹಾಮಾರಿಯ ಕಾಲದಲ್ಲಿ ಪೆರಿಕ್ಲಿಸನ ಇಬ್ಬರು ಔರಸಪುತ್ರರೂ ತೀರಿಕೊಂಡರು. ಉಳಿದವನು ಪರಸ್ಥಳದ ಅಸ್ಪೇಷಿಯಳ ಮಗ. ತನ್ನದೇ ಕಾಯಿದೆಯಿಂದ ಅವನನ್ನು ಬಿಡಿಸಿರೆಂದು ಆ ಧೀಮಂತನು ಜನರ ಮುಂದೆ ಬೇಡಬೇಕಾಯಿತು. ಜನರು ಕನಿಕರದಿಂದ ಒಪ್ಪಿದರು. ಸಾಮಾನ್ಯನಾದರೆ ಬೇಡುವುದಕ್ಕೂ ಎಲ್ಲಿಯ ದಾರಿ?

ರೋಮಿನ ಚಕ್ರವರ್ತಿ ಕ್ಯಾರಕಲ್ಲನು ಕ್ರಿ. ಶ. 212ರಲ್ಲಿ ಸಾಮ್ರಾಜ್ಯದ ಸ್ವತಂತ್ರ ಜನರಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಪೌರತ್ವವಿತ್ತನು. ಅದು ತೆರಿಗೆಯಾಸೆಯಿಂದೆಂದು ಸಮಕಾಲೀನ ಇತಿಹಾಸಕಾರ ಡಿಯೊ ಬರೆದಿದ್ದಾನೆ.

1949ರ ನವೆಂಬರ್ 26ರಂದೇ ಜಾರಿಗೆ ಬಂದ ನಮ್ಮ ಸಂವಿಧಾನದ 5ನೆಯ ವಿಧಿ ನೆಲೆಯನ್ನು ಮೊದಲು ಕೇಳಿತು, ಹುಟ್ಟನ್ನು ಆಮೇಲೆ. ದೇಶಕ್ಕೆಲ್ಲ ಒಂದೇ ಪೌರತ್ವ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಕನ್ನಡಿಗರ ರಾಜ್ಯ ಬದಲಾಯಿತು, ಪೌರತ್ವ ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ.