ಬೆಂಗಳೂರಿನ ಬಡಾವಣೆ ಹೋಟೆಲುಗಳು

ಬೆಂಗಳೂರಿನಲ್ಲಿ ಸುತ್ತಲಿನ ನಾಲ್ಕಾರು ಬೀದಿಯವರನ್ನೇ ನೆಚ್ಚಿಕೊಂಡು ನಡೆದುಬಂದ ಕಾಫಿ-ತಿಂಡಿ ಹೋಟೆಲು, ಮಿಲಿಟರಿ ಹೋಟೆಲು, ಖಾನಾವಳಿ ಮತ್ತು ದರ್ಶಿನಿಗಳ ಚರಿತ್ರೆ. ಇದಕ್ಕೆ ಸಿಗುವ ಆಕರಗಳಲ್ಲಿ ಹೆಚ್ಚಿನವು ಮಾಲೀಕರ ಮನೆತನದ ನೆನಪುಗಳು, ಬೋರ್ಡಿನ ಮೇಲೆ ಬರೆಸಿದ ಇಸವಿಗಳು ಮತ್ತು ಅವನ್ನೇ ನಂಬಿದ ಪತ್ರಿಕಾ ಲೇಖನಗಳು. ಹೀಗಾಗಿ ಯಾವ ತಿಂಡಿ ಯಾರದು, ಯಾರು ಮೊದಲು ಎಂಬ ವಾದವೇ ದೊಡ್ಡದಾಗಿದೆ. ಯಾರು ಎಲ್ಲಿ ಕೂತು ತಿನ್ನಬಹುದಿತ್ತು, ದರ ಕಟ್ಟುತ್ತಿದ್ದವರು ಯಾರು ಎಂಬ ಪ್ರಶ್ನೆಗಳು ಬದಿಗೆ ಸರಿದಿವೆ.

1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಸರಿದರು. ಕಚೇರಿ, ಕಾಲೇಜು, ಗಿರಣಿಗಳಿಗೆಂದು ಊರು ಬಿಟ್ಟು ಬಂದ ಒಂಟಿ ಗಂಡಸರೇ ಹೋಟೆಲುಗಳ ಮೊದಲ ಖಾಯಂ ಗಿರಾಕಿಗಳು. ಮನೆಯಲ್ಲಿ ಒಲೆ ಉರಿಯುತ್ತಿರುವಾಗ ಹೋಟೆಲಿಗೆ ಹೋಗುವುದನ್ನು ಆಗಿನ ಸಂಸಾರಸ್ಥರು ಮರ್ಯಾದೆಯ ಕೆಲಸವೆಂದು ಎಣಿಸುತ್ತಿರಲಿಲ್ಲ.

ಉಡುಪಿ ಕಡೆಯವರು ಬಂದು ಹೋಟೆಲಿಟ್ಟದ್ದಕ್ಕೆ 1923ರ ನೆರೆಯೇ ಕಾರಣ ಎಂಬ ವಿವರಣೆ ಪದೇ ಪದೇ ಕಾಣುತ್ತದೆ. ದಕ್ಷಿಣ ಕನ್ನಡದ ಆ ನೆರೆ ನಿಜ, ಅದರಿಂದ ಊರು ಬಿಟ್ಟವರೂ ಇದ್ದರು. ಆದರೆ 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ಬನ್ನು (ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂಟಿಆರ್) ತೆರೆದ ಪರಮೇಶ್ವರ ಮಯ್ಯ ಮತ್ತು ಸೋದರರು ಅದಕ್ಕೂ ಮೊದಲೇ ನಗರಕ್ಕೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕಳೆದುಕೊಂಡ ಮನೆತನಗಳು ಹೋಟೆಲಿಗಿಳಿದವು ಎಂಬ ಎರಡನೆಯ ವಿವರಣೆಗೂ ಇಂಥದೇ ಮಿತಿಯಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ವೆಂಕಟರಮಣ ಉರಾಳರು ಆರಂಭಿಸಿದ್ದು 1943ರಲ್ಲಿ. ಅದು ರಾಮಕೃಷ್ಣ ಅಡಿಗರ ಕೈಗೆ ಬಂದದ್ದು 1970ರಲ್ಲಿ. ನೆರೆ, ಕಾನೂನು ಎರಡೂ ವಲಸೆಯ ವೇಗ ಹೆಚ್ಚಿಸಿರಬಹುದು. ಅದನ್ನು ತಲೆಮಾರುಗಟ್ಟಲೆ ನಡೆಸಿದ್ದು ನೆಂಟಸ್ತನ. ಮೊದಲು ಬಂದವರು ಊರಿನ ಹುಡುಗರನ್ನು ಕರೆಸಿಕೊಂಡರು. ಲೋಟ ತೊಳೆಯುವ ಮಾಣಿ ಸಪ್ಲೈಯರ್ ಆಗಿ, ಅಡುಗೆ ಭಟ್ಟನಾಗಿ, ಕೊನೆಗೆ ಇನ್ನೊಂದು ಬಡಾವಣೆಯಲ್ಲಿ ಸ್ವಂತ ಗಲ್ಲಾದ ಮುಂದೆ ಕೂತ. (ಈ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಉಳಿದವರ ಹೆಸರು ಯಾವ ಹೋಟೆಲಿನ ಗೋಡೆಯ ಮೇಲೂ ಇರುವುದಿಲ್ಲ.) ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ.

ಬ್ರಾಹ್ಮಣರ ಹೆಸರು ಹೊತ್ತ ಬೋರ್ಡು ರುಚಿಯ ಭರವಸೆಯಷ್ಟೇ ಆಗಿರಲಿಲ್ಲ. ಅಡುಗೆ ಯಾರದು, ಪಂಕ್ತಿ ಯಾರದು ಎಂಬುದನ್ನೂ ಸಾರುತ್ತಿತ್ತು. 1950ರ ಸಂವಿಧಾನದ 15ನೇ ವಿಧಿ ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಜಾತಿಭೇದವನ್ನು ನಿಷೇಧಿಸಿತು; 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷಾರ್ಹ ಮಾಡಿತು. ಸಂಸ್ಥಾಪಕರ ಕತೆಗಳಲ್ಲಿ ಸಾಂಬಾರಿಗೆ ಸಿಕ್ಕ ಜಾಗ ಈ ಬದಲಾವಣೆಗೆ ಸಿಕ್ಕಿಲ್ಲ.

ಮುದ್ದೆ, ಕೈಮಾ ಉಂಡೆ, ಕಾಲು ಸೂಪು, ದೊನ್ನೆ ಬಿರಿಯಾನಿಗಳ ಮಿಲಿಟರಿ ಹೋಟೆಲುಗಳ ಮೂಲವೂ ವಿವಾದಿತ. 1638ರಲ್ಲಿ ಷಹಾಜಿಗೆ ಬೆಂಗಳೂರು ಜಹಗೀರಾಗಿ ಬಂದಾಗ ಜೊತೆಗಿದ್ದ ಮರಾಠಾ ಸೈನಿಕರ ಅಡುಗೆಯೇ ಇದು ಎನ್ನುವವರಿದ್ದಾರೆ. ದಂಡು ಪ್ರದೇಶದ ಸಿಪಾಯಿಗಳಿಗಾಗಿ ಹುಟ್ಟಿದ್ದು ಎಂಬುದು ಇನ್ನೊಂದು ಮಾತು. ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಹಲವನ್ನು ಮರಾಠಾ ಮನೆತನಗಳೇ ನಡೆಸಿದ್ದು ಮೊದಲ ವಾದಕ್ಕೆ ಬಲ ಕೊಡುತ್ತದೆ. ಆದರೆ ಈಗ ಉಳಿದಿರುವ ಹೋಟೆಲುಗಳೆಲ್ಲ 20ನೇ ಶತಮಾನದವು. ನಡುವಿನ ಇನ್ನೂರು ವರ್ಷಕ್ಕೂ ಹೆಚ್ಚಿನ ಕಾಲವನ್ನು ಊಹೆಯಿಂದಲೇ ದಾಟಬೇಕು. ಉತ್ತರ ಕರ್ನಾಟಕದವರ ಜೋಳದ ರೊಟ್ಟಿ ಖಾನಾವಳಿಗಳು ಮೆಜೆಸ್ಟಿಕ್ ಸುತ್ತಮುತ್ತ ನೆಲೆಯೂರಿದರೂ ಅವುಗಳ ಬಗ್ಗೆ ಬರವಣಿಗೆ ಇನ್ನೂ ಕಡಿಮೆ.

ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಹುಟ್ಟಿತೆಂಬುದು ಎಂಟಿಆರ್ ಹೇಳಿಕೊಂಡು ಬಂದ ಕತೆ. 1957ರಲ್ಲಿ ಕಾಫಿ ಬೋರ್ಡು ಮುಚ್ಚಿದ ಕಾಫಿ ಹೌಸುಗಳನ್ನು ಕಾರ್ಮಿಕರ ಸಹಕಾರ ಸಂಘ ವಹಿಸಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ದರ ಕಟ್ಟಿದಾಗ ಎಂಟಿಆರ್ ತನ್ನ ದಿನದಿನದ ನಷ್ಟವನ್ನು ಗಿರಾಕಿಗಳಿಗೆ ಕಾಣುವಂತೆ ಬರೆದುಹಾಕಿತು. ಅದೇ ಇಕ್ಕಟ್ಟು ಅದನ್ನು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ತಳ್ಳಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡದ್ದು ಈ ಪೊಟ್ಟಣದ ವ್ಯಾಪಾರವನ್ನು. ಹೋಟೆಲು ಮಯ್ಯ ಕುಟುಂಬದಲ್ಲೇ ಉಳಿಯಿತು. ಎರಡನ್ನೂ ಒಂದೆಂದು ಬರೆಯುವುದು ಈಗಲೂ ನಿಂತಿಲ್ಲ.

ಬಡಾವಣೆ ಹೋಟೆಲಿನ ನಿಜವಾದ ತಿರುವು ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಇದು ಶುರುವಾಯಿತೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ನಿಂತು ತಿನ್ನುವುದೇ ಇದರ ಹೊಸತನ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ (1965), ಮಲ್ಲೇಶ್ವರದ ವೀಣಾ ಸ್ಟೋರ್ಸ್ (1977) ಮುಂದೆ ಜನ ಅದಕ್ಕೂ ಮೊದಲೇ ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದರು. ಹೊಸದಾಗಿದ್ದದ್ದು ಇಡೀ ಏರ್ಪಾಡು: ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆಯುವುದು, ಕಣ್ಣೆದುರೇ ಅಡುಗೆಮನೆ, ಎದೆಮಟ್ಟದ ಮೇಜು, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಒಂದು ಅಂಗಡಿಯಷ್ಟು ಜಾಗ ಸಾಕಾದ್ದರಿಂದ ಬಾಡಿಗೆ ಉಳಿಯಿತು. ಗಿರಾಕಿ ಬೇಗ ಜಾಗ ಖಾಲಿ ಮಾಡುವುದರಿಂದ ದರ ಇಳಿಯಿತು. ಯಾರು ಬೇಕಾದರೂ ನಕಲು ಮಾಡಬಹುದಾಗಿದ್ದ ಈ ಮಾದರಿ, ಹೆಸರಿನ ಸಮೇತ, ನಗರದ ಬಡಾವಣೆಗಳಲ್ಲೆಲ್ಲ ಹರಡಿತು.

ಹಳೆಯ ಹೋಟೆಲುಗಳಲ್ಲಿ ಹೆಂಗಸರಿಗೆಂದು ಪರದೆ ಎಳೆದ ಫ್ಯಾಮಿಲಿ ರೂಮ್ ಇರುತ್ತಿತ್ತು. ದರ್ಶಿನಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೆಲಸಕ್ಕೆ ಹೊರಟ ಹೆಣ್ಣುಮಗಳು, ಆಟೋದವರು, ನಿವೃತ್ತ ಗುಮಾಸ್ತರು ಒಂದೇ ಮೇಜಿಗೆ ಮೊಣಕೈ ಊರಿ, ವಡೆ ಸಾಂಬಾರಿನಲ್ಲಿ ಡಿಪ್ಪೋ ಸಪರೇಟೋ ಎಂದು ಹೇಳಿ, ಬೈ-ಟು ಕಾಫಿ ಕುಡಿದು ಹೋಗತೊಡಗಿದರು. ಪಂಕ್ತಿಭೇದಕ್ಕೆ ಕಾನೂನು ಕೊಟ್ಟ ಪೆಟ್ಟಿಗಿಂತ ಕುರ್ಚಿಯ ಅಭಾವ ಕೊಟ್ಟದ್ದೇ ದೊಡ್ಡದೆಂದು ವಾದಿಸಲು ಆಸ್ಪದವಿದೆ. ಕೂತು ಹರಟುವ ಅಭ್ಯಾಸಕ್ಕೂ ಅದೇ ಪೆಟ್ಟು ಬಿತ್ತು ಎಂಬುದು ಹಳಬರ ದೂರು.

2014ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಸ್ವಿಗ್ಗಿ, 2020ರ ಲಾಕ್‌ಡೌನ್, ಯೂಟ್ಯೂಬ್ ನೋಡಿ ದೂರದಿಂದ ಬರುವವರ ಕ್ಯೂ, ಇವು ಬಡಾವಣೆ ಹೋಟೆಲನ್ನು ಅದರ ಬಡಾವಣೆಯಿಂದ ಎಷ್ಟು ಬಿಡಿಸಿವೆ ಎಂದು ಅಳೆಯಲು ಇನ್ನೂ ಕಾಲ ಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಹಲವು ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬರೆದು ಅಂಟಿಸಿದರು. ಗಲ್ಲಾಪೆಟ್ಟಿಗೆಯೊಳಗೇ ಮುಗಿದುಹೋಗುತ್ತಿದ್ದ ಇಡ್ಲಿ-ಕಾಫಿಯ ವಹಿವಾಟಿಗೆ ಆ ಹೊತ್ತಿಗಾಗಲೇ ಹಲವು ವರ್ಷಗಳ ಲಿಖಿತ ದಾಖಲೆ ಬೆಳೆದಿತ್ತು.