ಕಮ್ಮಾರಿಕೆಯ ಪದಾವಳಿ: ಮುಂಬಯಿ

ಕಾದ ಕಬ್ಬಿಣವನ್ನು ಬಡಿದು ರೂಪಿಸುವ ಕಸುಬಿಗೂ ಅದರ ಬೆಂಕಿಗೆ ಗಾಳಿಯೂಡುವ ತಿದಿಗೂ ಸಂಬಂಧಿಸಿ ಮುಂಬಯಿ ನಗರ ಮತ್ತು ಉಪನಗರಗಳಲ್ಲಿ ಬಳಕೆಯಾಗುತ್ತ ಬಂದ ಮಾತುಗಳು ಮುಖ್ಯವಾಗಿ ಮರಾಠಿಯವು. ಲೋಹಾರ ಎನಿಸಿಕೊಳ್ಳುವ ಕಮ್ಮಾರನು ಕುಲುಮೆಯನ್ನು ಭಟ್ಟಿ ಎಂದೂ ಅಡಿಗಲ್ಲನ್ನು ಐರಣ ಎಂದೂ ಇಕ್ಕಳವನ್ನು ಸಾಂಡಸಿ ಎಂದೂ ಕರೆಯುತ್ತಾನೆ. ಕನ್ನಡದ ಚಮ್ಮಟಿಗೆ, ಅಂದರೆ ಎರಡು ಕೈಗಳಿಂದ ಬೀಸುವ ದೊಡ್ಡ ಸುತ್ತಿಗೆ, ಅವನಿಗೆ ಘಣ. ತಿದಿಗೆ ಅವನ ಮಾತು ಭಾತಾ.

ಭಾತಾ ಸಂಸ್ಕೃತದ ‘ಭಸ್ತ್ರಾ’ ಎಂಬುದರಿಂದ ಬಂದುದು. ಚರ್ಮದ ಚೀಲವೆಂಬ ಅರ್ಥದ ಈ ಪದವೇ ಭಸ್ತ್ರಿಕಾ ಪ್ರಾಣಾಯಾಮದ ಹೆಸರಿನಲ್ಲಿಯೂ ಇದೆ. ಕನ್ನಡದ ತಿದಿ ತಮಿಳಿನ ತುರುತ್ತಿ, ತೆಲುಗಿನ ತಿತ್ತಿಗಳೊಡನೆ ಸೇರುವ ದ್ರಾವಿಡ ಪದವಾದರೆ, ಕಮ್ಮಾರ ಎಂಬುದು ಸಂಸ್ಕೃತದ ‘ಕರ್ಮಾರ’ದ ತದ್ಭವ. ಋಗ್ವೇದದ ಹತ್ತನೆಯ ಮಂಡಲದ ಸೃಷ್ಟಿಸೂಕ್ತವೊಂದರಲ್ಲಿ ಬ್ರಹ್ಮಣಸ್ಪತಿಯನ್ನು ಊದಿ ಬೆಸೆಯುವ ಕರ್ಮಾರನಿಗೆ ಹೋಲಿಸಲಾಗಿದೆ. ಉತ್ತರ ಕರ್ನಾಟಕದಲ್ಲಿ ಇದೇ ಪದ ‘ಕಂಬಾರ’ ಎಂಬ ಮನೆತನದ ಹೆಸರಾಗಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಈ ಎರಡು ಪದಾವಳಿಗಳನ್ನು ಒಟ್ಟಿಗೆ ನೋಡುವುದು ಉಚಿತ. ನಿಘಂಟುಗಳಲ್ಲಿ ಮಾತ್ರ ಅವು ಬೇರೆಬೇರೆಯಾಗಿಯೇ ಸೇರಿದವು: ಮೋಲ್ಸ್‌ವರ್ತ್‌ನ ಮರಾಠಿ ನಿಘಂಟು 1831ರಲ್ಲಿ ಮುಂಬಯಿಯಿಂದ ಹೊರಬಂದರೆ, ಕಿಟ್ಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು.

ಹೆಸರುಗಳಿಗಿಂತ ಕ್ರಿಯಾಪದಗಳೇ ಸಲಕರಣೆಯ ಇತಿಹಾಸವನ್ನು ಹೆಚ್ಚು ನಿಚ್ಚಳವಾಗಿ ಹೇಳುತ್ತವೆ. ಹಳೆಯ ತೊಗಲಿನ ತಿದಿಗಳನ್ನು ಜೋಡಿಯಾಗಿ ಇಟ್ಟು, ಒಂದನ್ನು ಬಾಯಿ ತೆರೆದು ಮೇಲೆತ್ತುವಾಗ ಇನ್ನೊಂದನ್ನು ಬಾಯಿ ಮುಚ್ಚಿ ಅದುಮಿದರೆ, ಮಣ್ಣಿನ ಕೊಳವೆಯ ಮೂಲಕ ಇದ್ದಲಿಗೆ ಎಡೆಬಿಡದೆ ಗಾಳಿ ಹೋಗುತ್ತದೆ. ಆದುದರಿಂದಲೇ ಕನ್ನಡದಲ್ಲಿ ತಿದಿಯನ್ನು ‘ಒತ್ತು’ತ್ತಾರೆ. ಆಗ್ನೇಯ ಏಷ್ಯಾದಲ್ಲಿ ಮರದ ಇಲ್ಲವೆ ಬಿದಿರಿನ ಕೊಳವೆಯೊಳಗೆ ಕೊಂತವನ್ನು ಹಿಂದೆಮುಂದೆ ಆಡಿಸುವ ತಿದಿ ರೂಢಿಯಲ್ಲಿದ್ದು, ವಿಯೆಟ್ನಾಮಿ ಭಾಷೆಯಲ್ಲಿ ತಿದಿಯ ಕೆಲಸಕ್ಕೆ ‘ಕೆವ್ ಬೆ’, ಅಂದರೆ ತಿದಿ ಎಳೆಯುವುದು, ಎನ್ನುತ್ತಾರೆ. ಹನೋಯಿಯ ಹಳೆಪೇಟೆಯಲ್ಲಿ ‘ಲೋ ರೆನ್’, ಅಂದರೆ ಕುಲುಮೆ, ಎಂಬ ಹೆಸರಿನ ಬೀದಿಯೇ ಇರುವಂತೆ, ಮುಂಬಯಿಯ ಕಾಳಬಾದೇವಿಯ ಬಳಿ ಲೋಹಾರ ಚಾಳ ಇದೆ. ಇಂದು ಅಲ್ಲಿ ನಡೆಯುವುದು ವಿದ್ಯುತ್ ಸಾಮಾನುಗಳ ಸಗಟು ವ್ಯಾಪಾರ.

ಹಡಗುಕಟ್ಟೆ, ಗಿರಣಿ, ರೈಲ್ವೆಗಳು ಬೆಳೆದಂತೆ ಕಸುಬು ಕಾರ್ಖಾನೆಯೊಳಗೆ ಸೇರಿತು. 1915ರಲ್ಲಿ ಆರಂಭವಾದ ಮಾಟುಂಗಾ ರೈಲ್ವೆ ವರ್ಕ್‌ಶಾಪಿನಂಥ ಕಡೆ ಕಮ್ಮಾರಶಾಲೆ ‘ಸ್ಮಿತಿ’ಯಾಯಿತು, ಘಣ ಬೀಸುವವನು ‘ಹ್ಯಾಮರ್‌ಮ್ಯಾನ್’ ಎಂಬ ಹುದ್ದೆದಾರನಾದನು, ಭಾತಾದ ಜಾಗಕ್ಕೆ ‘ಬ್ಲೋವರ್’ ಬಂದಿತು. ಹಳೆಯ ಪದಗಳನ್ನು ಬೀದಿಯಲ್ಲಿ ಉಳಿಸಿದವರು ಊರೂರು ಅಲೆಯುವ ಘಿಸಾಡಿಗಳು. ಉತ್ತರ ಕರ್ನಾಟಕದಲ್ಲಿ ಇಂಥವರನ್ನು ಬೈಲಕಮ್ಮಾರರೆನ್ನುತ್ತಾರೆ. ಗಂಡಸು ಇಕ್ಕಳದಲ್ಲಿ ಕೆಂಪಗೆ ಕಾದ ತುಂಡನ್ನು ಹಿಡಿದು ಸಣ್ಣ ಸುತ್ತಿಗೆಯಿಂದ ಏಟು ಬೀಳಬೇಕಾದ ಜಾಗವನ್ನು ತಟ್ಟಿ ತೋರಿಸುತ್ತಾನೆ, ಹೆಂಗಸು ಎದುರು ನಿಂತು ಘಣ ಬೀಸುತ್ತಾಳೆ. ಕಸುಬಿನಲ್ಲಿ ಭಾರವಾದ ಪಾಲು ಅವಳದೇ ಆದರೂ, ‘ಲೋಹಾರ’ ಎಂಬ ಹೆಸರು ಮಾತ್ರ ಗಂಡಸಿಗೆ ಸಂದಿದೆ.

ಅಡಿಗಲ್ಲನ್ನು ಕಣ್ಣಾರೆ ಕಾಣದವರಿಗೂ ಐರಣ ಎಂಬ ಪದ ಪರಿಚಿತವಾದುದು 1965ರ ‘ಸಾಧಿ ಮಾಣಸಂ’ ಎಂಬ ಮರಾಠಿ ಚಿತ್ರದ ಹಾಡಿನಿಂದ. ಲತಾ ಮಂಗೇಶ್ಕರ್ ಅದನ್ನು ಆನಂದಘನ ಎಂಬ ಹೆಸರಿನಲ್ಲಿ ಸಂಯೋಜಿಸಿ ತಾವೇ ಹಾಡಿದರು. ಭಾತಾ ಎಂಬುದು ಮರಾಠಿಯಲ್ಲಿ ಈಗ ಹೆಚ್ಚಾಗಿ ಹಾರ್ಮೋನಿಯಂನ ಗಾಳಿಪೆಟ್ಟಿಗೆಗೆ ಬಳಕೆಯಾಗುತ್ತದೆ.