ಕುಡಿತ ಬಿಟ್ಟವರ ಕೀಲುನೋವು: ರಾಜೂರ–ಗಜೇಂದ್ರಗಡ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕುಡಿತ ಬಿಟ್ಟವನು ಮೂರನೆಯ ವಾರದಲ್ಲೋ ಎರಡನೆಯ ತಿಂಗಳಲ್ಲೋ ಮತ್ತೆ ಅಂಗಡಿಯ ಕಡೆ ಮುಖ ಮಾಡಿದರೆ ಮನೆಯವರೂ ಹಿತೈಷಿಗಳೂ ಹುಡುಕುವ ಕಾರಣ ಮನಸ್ಸಿಗೆ ಸೇರಿದ್ದು: ಹಳೆಯ ಸಹವಾಸ, ಚಟದ ಸೆಳೆತ, ಗಟ್ಟಿ ಮನಸ್ಸಿನ ಕೊರತೆ. ಆತ ಹೇಳುವ ಕಾರಣವೇ ಬೇರೆ. ಕುಡಿಯುವಾಗ ಇಲ್ಲದ ನೋವು ಬಿಟ್ಟ ಮೇಲೆ ಬಂದಿದೆ ಎನ್ನುತ್ತಾನೆ. ಮೊಣಕಾಲು ಹಿಡಿದಿವೆ, ಟೊಂಕ ಎತ್ತಲಾಗದು, ರಾತ್ರಿ ಅಂಗಾಲು ಉರಿಯುತ್ತವೆ, ಸಂದು ಸಂದಿಗೂ ಬ್ಯಾನಿ. ಈ ಮಾತನ್ನು ನೆಪವೆಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ನೋವು ನಿಜ, ಆದರೆ ಅದು ಒಂದೇ ನೋವಲ್ಲ ಎಂಬುದು ಈ ಲೇಖನದ ವಾದ. ಬೇರೆ ಬೇರೆ ಮೂಲದ, ಬೇರೆ ಬೇರೆ ಅವಧಿಯ ನಾಲ್ಕೈದು ನೋವುಗಳು ಒಂದೇ ಮೈಯಲ್ಲಿ ಒಟ್ಟಿಗೆ ಎದ್ದಿರುತ್ತವೆ. ಅವನ್ನು ಬಿಡಿಸಿ ನೋಡದೆ ಕೊಡುವ ಮದ್ದು ಹಲವು ಬಾರಿ ಹಾನಿಯನ್ನೇ ಮಾಡುತ್ತದೆ.

ಮೊದಲು ರೋಣ ತಾಲ್ಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿರುವ ರಾಜೂರ ಮತ್ತು ಅದರ ಸುತ್ತಲಿನ ಸೀಮೆ ಈ ವಿವೇಚನೆಗೆ ತಕ್ಕ ನೆಲ. ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಕಡಲೆ ಕೀಳುವುದು, ಉಳ್ಳಾಗಡ್ಡಿ ಕೀಳುವುದು, ಮೆಣಸಿನಕಾಯಿ ಬಿಡಿಸುವುದು, ಕಳೆ ತೆಗೆಯುವುದು ಎಲ್ಲವೂ ಬಗ್ಗಿ ಅಥವಾ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಗಜೇಂದ್ರಗಡದ ನೇಕಾರನಿಗೆ ಕುಣಿಮಗ್ಗ ಮೊಣಕಾಲಿನ ಕೆಲಸ. ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಗುಳೆ ಹೋದವರು ಕಟ್ಟಡಗಳಲ್ಲಿ ಇಟ್ಟಿಗೆ, ಸಿಮೆಂಟು ಹೊರುತ್ತಾರೆ. ನಲವತ್ತು ದಾಟುವ ಮೊದಲೇ ಕೀಲು ಸವೆದಿರುತ್ತವೆ. ಇಂಥ ಕಡೆ ಕುಡಿತ ಮೋಜಿನಿಂದ ಶುರುವಾದರೂ ಮುಂದುವರಿಯುವುದು ಮೈಕೈ ನೋವಿನ ಹೆಸರಿನಲ್ಲಿ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೂ ಈ ಹೆಸರು ಬದಲಾಗಲಿಲ್ಲ. ಸಾರಾಯಿ ಪ್ಯಾಕೆಟಿನ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿಯ 90 ಮಿಲಿ ಪ್ಯಾಕ್ ಬಂತು.

ವ್ಯಸನ ಬಿಡಿಸುವ ಕೆಲಸಕ್ಕೂ ಈ ಸೀಮೆಯಲ್ಲಿ ದೊಡ್ಡ ಪರಂಪರೆಯಿದೆ. ಗಜೇಂದ್ರಗಡದಿಂದ ಈಶಾನ್ಯಕ್ಕೆ, ಹೆಚ್ಚು ದೂರವಲ್ಲದ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹಳ್ಳಿಹಳ್ಳಿ ತಿರುಗಿದರು. ಕಾಸು ಕಾಳು ಬೇಡಲಿಲ್ಲ. ಜನರ ಚಟಗಳನ್ನು ಜೋಳಿಗೆಗೆ ಹಾಕಿಸಿಕೊಂಡರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಇನ್ನೊಂದು ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಊರೂರಲ್ಲಿ ಸುಮಾರು ಒಂದು ವಾರದ ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತದೆ. ಏಮ್ಸ್ ತಂಡ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬನೆಗೆ ಸಿಕ್ಕಿಕೊಂಡ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಆಸ್ಪತ್ರೆಗೆ ದಾಖಲಾಗುವವರು 180ಕ್ಕೆ ಒಬ್ಬರು. ಇಂಥಲ್ಲಿ ಜೋಳಿಗೆ ಮತ್ತು ಶಿಬಿರ ಮಾಡಿದ ಕೆಲಸ ಆಸ್ಪತ್ರೆಗಳು ಮಾಡಿದ್ದಕ್ಕಿಂತ ಕಡಿಮೆಯದಲ್ಲ. ಆದರೆ ನಾಲ್ಕು ಜನರ ಮುಂದೆ ಕೊಟ್ಟ ಮಾತು ಚಟವನ್ನು ಕಟ್ಟಿಹಾಕುತ್ತದೆಯೇ ಹೊರತು, ಆ ಚಟ ಇಷ್ಟು ದಿನ ಮುಚ್ಚಿಟ್ಟಿದ್ದ ನೋವನ್ನಲ್ಲ.

ಮುಚ್ಚಿಟ್ಟಿತ್ತು ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಬ್ರಿಟನ್ನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ರಕ್ತದಲ್ಲಿ ಮದ್ಯಸಾರದ ಪ್ರಮಾಣ ಶೇ. 0.08ರಷ್ಟಾದಾಗ ನೋವಿನ ತೀವ್ರತೆ ಗಮನಾರ್ಹವಾಗಿ ತಗ್ಗುತ್ತದೆ. ಕುಡಿದರೆ ನೋವು ಗೊತ್ತಾಗುವುದಿಲ್ಲ ಎಂಬ ರೈತನ ಮಾತು ಸುಳ್ಳಲ್ಲ. ಆದರೆ ದಿನವೂ ಕುಡಿಯುವ ಮಿದುಳು ಈ ಮಂಪರಿಗೆ ಎದುರಾಗಿ ತನ್ನನ್ನು ಸರಿಹೊಂದಿಸಿಕೊಂಡಿರುತ್ತದೆ. ನರಗಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆ ಕುಗ್ಗಿ, ಕೆರಳಿಸುವ ಗ್ಲುಟಮೇಟ್ ವ್ಯವಸ್ಥೆ ಹಿಗ್ಗಿರುತ್ತದೆ. ಮದ್ಯ ಒಮ್ಮೆಲೆ ನಿಂತಾಗ ಕೆರಳಿಕೆಗೆ ತಡೆಯೇ ಇಲ್ಲ. ಜಗ್ಗುವ ಗಾಡಿಯ ಹಿಂದೆ ಎಳೆದು ಹಿಡಿದಿದ್ದ ಹಗ್ಗವನ್ನು ಕೊಯ್ದಂತೆ, ನರಮಂಡಲ ಮುಂದಕ್ಕೆ ನುಗ್ಗುತ್ತದೆ. ಕೈನಡುಕ, ಬೆವರು, ನಿದ್ದೆಗೇಡಿನ ಜೊತೆಗೆ ನೋವಿನ ಅತಿಸಂವೇದನೆಯೂ ಬರುತ್ತದೆ. ಮೊದಲು ಲೆಕ್ಕಕ್ಕೆ ಬಾರದ ಒತ್ತಡವೂ ಈಗ ನೋಯುತ್ತದೆ. ಮದ್ಯಾವಲಂಬನೆಯನ್ನೇ ಒಂದು ಬಗೆಯ ದೀರ್ಘಕಾಲದ ನೋವಿನ ರೋಗವೆಂದು ಅರಿಯಬೇಕೆಂಬ ವಾದವನ್ನು ಎಗ್ಲಿ, ಕೂಬ್ ಮತ್ತು ಎಡ್ವರ್ಡ್ಸ್ ಎಂಬ ಸಂಶೋಧಕರು 2012ರಲ್ಲೇ ಮುಂದಿಟ್ಟರು. ನೋವು ಹೆಚ್ಚಿದವರಲ್ಲಿ ಮರುಕುಡಿತವೂ ಹೆಚ್ಚು ಎಂಬುದನ್ನು ಅಮೆರಿಕ ಮತ್ತು ಬ್ರಿಟನ್ನಿನ ಎರಡು ದೊಡ್ಡ ಚಿಕಿತ್ಸಾ ಪ್ರಯೋಗಗಳ ಮಾಹಿತಿಯಿಂದ ವಿಟ್‌ಕೀವಿಟ್ಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು.

ಆದರೂ ಕುಡಿತ ಬಿಟ್ಟಾಗಿನ ಲಕ್ಷಣಗಳನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಸೀವಾ ಮಾಪನದ ಹತ್ತು ಅಂಶಗಳಲ್ಲಿ ತಲೆನೋವಿಗೆ ಜಾಗವಿದೆ, ಕೀಲುನೋವಿಗೆ ಇಲ್ಲ. ಕೇಳದೇ ಇದ್ದ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರ ಸಿಗುವುದಾದರೂ ಹೇಗೆ?

ಹಳಬರು ಕುಡಿತಕ್ಕೂ ಮೈನೋವಿಗೂ ಇರುವ ನಂಟನ್ನು ಕಂಡಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮದಾತ್ಯಯ ಅಧ್ಯಾಯದಲ್ಲಿ, ಮದ್ಯ ಬಿಟ್ಟವನು ಹಠಾತ್ತಾಗಿ ಮತ್ತೆ ಅತಿಯಾಗಿ ಕುಡಿದರೆ ಬರುವ ಎರಡು ವ್ಯಾಧಿಗಳ ವರ್ಣನೆಯಿದೆ; ಅವುಗಳ ಲಕ್ಷಣಗಳಲ್ಲಿ ಮೈನೋವೂ ಒಂದು. ಅದೇ ಗ್ರಂಥದ ವಾತರಕ್ತದ ಅಧ್ಯಾಯ ಕೈಕಾಲಿನ ಸಂದುಗಳಲ್ಲಿ ನೆಲೆಸುವ ರೋಗದ ಕಾರಣಗಳ ಸಾಲಿನಲ್ಲಿ ಸುರೆಯನ್ನು ಎಣಿಸುತ್ತದೆ.

ಇನ್ನು ನೋವುಗಳನ್ನು ಬಿಡಿಸಿ ನೋಡೋಣ. ಕೊನೆಯ ಗುಟುಕಿನ ನಂತರ ಆರರಿಂದ ಇಪ್ಪತ್ನಾಲ್ಕು ತಾಸಿನಲ್ಲಿ ಶುರುವಾಗಿ ಎರಡು ಮೂರನೆಯ ದಿನ ಏರುವ ಮೈನೋವು ಬಿಟ್ಟಿದ್ದರ ನೋವು. ವಾರದೊಳಗೆ ಅದರ ಉಬ್ಬರ ಇಳಿಯುತ್ತದೆ, ಅಳಿದುಳಿದದ್ದು ಕೆಲವು ವಾರ ಇರಬಹುದು. ಈ ದಿನಗಳಲ್ಲಿ ನೋವಿಗಿಂತ ದೊಡ್ಡ ಅಪಾಯ ಫಿಟ್ಸ್ ಮತ್ತು ಸನ್ನಿಯದು. ದಿನವೂ ಹೆಚ್ಚು ಕುಡಿಯುತ್ತಿದ್ದವರು, ಹಿಂದೆ ಫಿಟ್ಸ್ ಬಂದವರು ಮನೆಯಲ್ಲೇ ಒಮ್ಮೆಲೆ ಬಿಡುವ ಸಾಹಸ ಮಾಡಬಾರದು.

ಎರಡನೆಯದು ಯೂರಿಕ್ ಆಮ್ಲದ ವಾತ, ಅಂದರೆ ಗೌಟ್. ಮದ್ಯ ಕರಗುವಾಗ ಹುಟ್ಟುವ ಲ್ಯಾಕ್ಟೇಟ್ ಮೂತ್ರಪಿಂಡದಿಂದ ಯೂರಿಕ್ ಆಮ್ಲ ಹೊರಹೋಗುವುದನ್ನು ತಡೆಯುತ್ತದೆ. 47,150 ಪುರುಷರನ್ನು 12 ವರ್ಷ ಗಮನಿಸಿದ ಸಂಶೋಧಕ ಚೋಯ್ ಅವರ 2004ರ ಅಧ್ಯಯನದಲ್ಲಿ ಬಿಯರಿನಿಂದ ಅಪಾಯ ಎಲ್ಲಕ್ಕಿಂತ ಹೆಚ್ಚು, ವಿಸ್ಕಿ ಬ್ರಾಂಡಿಯಂಥವುಗಳದು ಅದರ ನಂತರ. ಕುಡಿತ ಬಿಟ್ಟಾಗ ರಕ್ತದಲ್ಲಿ ಈ ಆಮ್ಲ ಇಳಿಯುತ್ತದೆ. ಒಳ್ಳೆಯದೇ. ಆದರೆ ಮಟ್ಟ ಏರಿದಾಗಿನಂತೆ ಸರಕ್ಕನೆ ಇಳಿದಾಗಲೂ ಕೀಲಿನಲ್ಲಿ ಕೂತ ಹರಳು ಸಡಿಲಗೊಂಡು ಉರಿಯೂತ ಏಳಬಹುದು. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಗೆ ಊದಿ, ಹೊದ್ದ ಬಟ್ಟೆ ತಾಗಿದರೂ ತಡೆಯಲಾಗದಂತೆ ನೋಯುವುದು ಇದೇ. ಆ ಹೊತ್ತಿನಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು. ಅಷ್ಟರಿಂದ ಗೌಟ್ ಅಲ್ಲ ಎಂದು ತೀರ್ಮಾನಿಸಲಾಗದು. ಜ್ವರದ ಜೊತೆ ಒಂದೇ ಕೀಲು ಬಿಸಿಯಾಗಿ ಊದಿದ್ದರೆ ಕೀವಾಗಿರುವ ಶಂಕೆಯಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆ ಗೌಟ್ ಎಂದೊಡನೆ ಬೇಳೆ, ಹೆಸರುಕಾಳು ಬಿಡಿಸುತ್ತಾರೆ. ಚೋಯ್ ತಂಡದ ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಮಾಂಸ ಮೀನುಗಳಿಂದ ಅಪಾಯ ಹೆಚ್ಚಿತು, ಕಾಳುಗಳಿಂದ ಹೆಚ್ಚಲಿಲ್ಲ. ರೊಟ್ಟಿಯ ಜೊತೆಗಿನ ಹೆಸರುಕಾಳಿನ ಪಲ್ಯ ಬಿಟ್ಟರೆ ಸೊರಗಿದ ದೇಹ ಇನ್ನಷ್ಟು ಸೊರಗೀತು. ನಿಲ್ಲಿಸಬೇಕಾದದ್ದು ಮದ್ಯ ಬಿಟ್ಟವರ ಕೈಗೆ ಮೆಲ್ಲಗೆ ಬಂದು ಸೇರುವ ಸಿಹಿ ತಂಪುಪಾನೀಯವನ್ನು. ದಿನಕ್ಕೆ ಎರಡು ಅಥವಾ ಹೆಚ್ಚು ಬಾಟಲಿ ಕುಡಿಯುವವರಲ್ಲಿ ಗೌಟ್ ಅಪಾಯ ಶೇ. 85ರಷ್ಟು ಹೆಚ್ಚೆಂದು 2008ರಲ್ಲಿ ಕಂಡುಬಂದಿದೆ.

ಮೂರನೆಯದು ಕೀಲಿನದೇ ಅಲ್ಲ, ನರ ಮತ್ತು ಸ್ನಾಯುವಿನದು. ಜನ ಇದನ್ನೂ ವಾತದ ಲೆಕ್ಕಕ್ಕೆ ಹಾಕುತ್ತಾರೆ. ಅಂಗಾಲ ಉರಿ, ಜೋಮು, ಕೂತಲ್ಲಿಂದ ಏಳುವಾಗ ತೊಡೆಯಲ್ಲಿ ಬಲವಿಲ್ಲದಿರುವುದು ಇದರ ಗುರುತು. ಮದ್ಯದ ವಿಷವೂ ಬಿ1 ಜೀವಸತ್ವ, ಅಂದರೆ ಥಯಾಮಿನ್ ಕೊರತೆಯೂ ಕೂಡಿ ಇದನ್ನು ತರುತ್ತವೆ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ಥಯಾಮಿನ್ ಹಲವು ಪಟ್ಟು ಹೆಚ್ಚು. ಆದರೆ ಕುಡಿತದಿಂದ ಕೆಟ್ಟ ಕರುಳು ಅದನ್ನು ಹೀರಲಾರದು, ಹಾಗಾಗಿ ಮೊದಲ ದಿನಗಳಲ್ಲಿ ಸೂಜಿಯ ಮೂಲಕವೇ ಕೊಡಬೇಕಾಗುತ್ತದೆ, ಅದೂ ಗ್ಲುಕೋಸ್ ಏರಿಸುವ ಮೊದಲು. ಸ್ನಾಯುವಿನ ಬಲ ತಿಂಗಳುಗಳಲ್ಲಿ ಮರಳುತ್ತದೆ, ನರದ ಗುಣ ಇನ್ನೂ ನಿಧಾನ. ಉರಿ ಹೊಸದಾಗಿ ಶುರುವಾಗಿದ್ದರೆ ಒಂದು ಪ್ರಶ್ನೆ ಮರೆಯಬಾರದು: ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ಕೊಡುತ್ತಿದ್ದಾರೆಯೇ? ಆ ಮಾತ್ರೆಯೂ ನರಬಾಧೆ ತರಬಲ್ಲದು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡುವುದಂತೂ ಜೀವಕ್ಕೇ ಅಪಾಯ. ಸ್ಪರ್ಶ ಮರಗಟ್ಟಿದ ಕಾಲಿಗೆ ಬಿಸಿನೀರಿನ ಕಾವು ಕೊಡುವ ಮುನ್ನ ಮನೆಯ ಇನ್ನೊಬ್ಬರು ಕೈಯಿಟ್ಟು ನೋಡಬೇಕು. ಸುಟ್ಟರೂ ಅವನಿಗೆ ತಿಳಿಯದು.

ನಾಲ್ಕನೆಯದನ್ನು ಕುರಿತು ನಾನು ಹೆಚ್ಚು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಇದು ತಾನಾಗಿ ಗುಣವಾಗದು. ತೊಡೆಯ ಎಲುಬಿನ ಗುಂಡುತಲೆಗೆ ರಕ್ತ ಹರಿಯುವುದು ನಿಂತು ಎಲುಬು ಸಾಯುವ ರೋಗಕ್ಕೆ ಅತಿಕುಡಿತ ಪ್ರಮುಖ ಕಾರಣಗಳಲ್ಲೊಂದು. ವಾರಕ್ಕೆ 400 ಮಿಲಿಗಿಂತ ಹೆಚ್ಚು ಶುದ್ಧ ಮದ್ಯಸಾರವನ್ನು ಆರು ತಿಂಗಳಿಗೂ ಮೀರಿ ಕುಡಿದವರಲ್ಲಿ ಇದನ್ನು ಮದ್ಯಜನ್ಯವೆಂದು ಪರಿಗಣಿಸಬೇಕೆಂದು ಅಂತಾರಾಷ್ಟ್ರೀಯ ತಜ್ಞರ ಕೂಟ 2019ರಲ್ಲಿ ಗೆರೆ ಎಳೆಯಿತು. ನಮ್ಮ ಲೆಕ್ಕಕ್ಕೆ ತಂದರೆ, ಶೇ. 42.8 ಮದ್ಯಸಾರದ 180 ಮಿಲಿ ಕ್ವಾರ್ಟರಿನಲ್ಲಿ 77 ಮಿಲಿ ಇರುತ್ತದೆ. ದಿನಕ್ಕೊಂದು ಕ್ವಾರ್ಟರ್ ಎಂದರೆ ವಾರಕ್ಕೆ 539 ಮಿಲಿ. ಊರಲ್ಲಿ ದೊಡ್ಡ ಕುಡುಕನೆನಿಸಿಕೊಳ್ಳದವನೂ ಗೆರೆ ದಾಟಿರುತ್ತಾನೆ. ನೋವು ತೊಡೆಸಂದಿನಲ್ಲಿ ಶುರುವಾಗಿ ಮೊಣಕಾಲಿಗೆ ಇಳಿಯುತ್ತದೆ. ಮೊಣಕಾಲಿನ ಎಕ್ಸ್‌ರೇ ತೆಗೆಸಿ ಏನೂ ಇಲ್ಲವೆಂದು ಕಳಿಸಿದರೆ ಕಾಲ ಮೀರುತ್ತದೆ. ಮೊದಲ ಹಂತದಲ್ಲಿ ಸೊಂಟದ ಎಕ್ಸ್‌ರೇಯಲ್ಲೂ ಕಾಣದು, ಎಂಆರ್‌ಐ ಬೇಕು. ಚಕ್ಕಳಮಕ್ಕಳ ಹಾಕಿ ಕೂರಲಾಗದವನನ್ನು, ಕುಂಟುತ್ತ ನಡೆಯುವವನನ್ನು ಗದಗ ಅಥವಾ ಹುಬ್ಬಳ್ಳಿಗೆ ಕಳಿಸಲು ತಡ ಮಾಡಬಾರದು.

ಇವುಗಳ ಮೇಲೆ ಈ ನೆಲದ ನೀರಿನ ನೋವೂ ಇದೆ. ಗದಗ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ನೀರಿಲ್ಲದಾಗ 1.5. ಬಿಸಿಲಲ್ಲಿ ದುಡಿಯುವ ಮೈ ನೀರನ್ನು ಹೆಚ್ಚು ಬೇಡುತ್ತದೆ, ನೀರಿನ ಜೊತೆ ಫ್ಲೋರೈಡೂ ಹೆಚ್ಚು ಸೇರುತ್ತದೆ. ವರ್ಷಗಟ್ಟಲೆ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತ ಹೋಗಿದ್ದು ಮದ್ಯದ ಮಂಪರಿನಲ್ಲಿ ಗೊತ್ತಾಗಿರುವುದಿಲ್ಲ. ಗದ್ದವನ್ನು ಎದೆಗೆ ತಾಗಿಸಲು, ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಲು, ಕೈಗಳನ್ನು ತಲೆಯ ಹಿಂದೆ ಒಯ್ಯಲು ಹೇಳಿ ನೋಡಿದರೆ ಶಂಕೆ ಹುಟ್ಟುತ್ತದೆ. ಆಶಾ ಕಾರ್ಯಕರ್ತೆಯೂ ಇದನ್ನು ಮಾಡಬಲ್ಲಳು. ಅದೇ ನೀರು ಕುಡಿಯುವ, ಎಂದೂ ಮದ್ಯ ಮುಟ್ಟದ ಹೆಂಡತಿಗೂ ಅದೇ ಬಿಗಿತವಿದ್ದರೆ ಕುಡಿತ ಬಿಟ್ಟಿದ್ದನ್ನು ದೂರುವುದು ಅನ್ಯಾಯ.

ಔಷಧದ ವಿಷಯಕ್ಕೆ ಬಂದರೆ, ನೋವು ಹೇಳಿಕೊಂಡವನಿಗೆ ಹಳ್ಳಿಯಲ್ಲಿ ಮೊದಲು ಸಿಗುವುದು ಡೈಕ್ಲೋಫೆನಾಕ್ ಸೂಜಿ. ಕುಡಿತದಿಂದ ಹುಣ್ಣಾದ ಜಠರದಲ್ಲಿ ಅದು ರಕ್ತಸ್ರಾವ ಮಾಡಿಸಬಹುದು. ಯಕೃತ್ತು ಗಟ್ಟಿಯಾದವರಲ್ಲಿ ಮೂತ್ರಪಿಂಡವನ್ನೂ ಕೆಡಿಸಬಹುದು. ಪ್ಯಾರಾಸಿಟಮಾಲ್ ಇದಕ್ಕಿಂತ ಸುರಕ್ಷಿತ, ಆದರೆ ಇವರಿಗೆ ದಿನಕ್ಕೆ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆಗಳ ಮಿತಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೇಲೆ ಹೇಳಿದ ತೊಡೆಯೆಲುಬಿನ ರೋಗಕ್ಕೆ ಅದೂ ಇನ್ನೊಂದು ದೊಡ್ಡ ಕಾರಣ. 2018ರಲ್ಲಿ ಮಾದಕವಸ್ತು ಕಾಯ್ದೆಯಡಿ ತಂದ ಟ್ರಮಡಾಲ್ ಎಂಬ ನೋವಿನ ಔಷಧ ಒಂದು ಚಟದ ಜಾಗಕ್ಕೆ ಇನ್ನೊಂದನ್ನು ತರುತ್ತದೆ. ಹೆಚ್ಚು ಜನ ಗಮನಿಸದ ಅಪಾಯ ಅರಿಷ್ಟಗಳದು. ವಾತಕ್ಕೆಂದು ಕುಡಿಯುವ ದಶಮೂಲಾರಿಷ್ಟದಂಥ ಔಷಧಗಳಲ್ಲಿ ಹುದುಗುವಿಕೆಯಿಂದಲೇ ಶೇ. 5ರಿಂದ 10ರಷ್ಟು ಮದ್ಯಸಾರ ಹುಟ್ಟಿರುತ್ತದೆ. ಜೋಳಿಗೆಗೆ ಹಾಕಿ ಬಂದದ್ದು ಸೀಸೆಯಲ್ಲಿ ಮನೆಗೆ ಮರಳಿದಂತಾಗುತ್ತದೆ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವವನಿಗಂತೂ ಅದು ತುರ್ತು ಸಂಕಟ. ಆಯುರ್ವೇದವೇ ಬೇಕೆನ್ನುವವರಿಗೆ ಕಷಾಯ ಮತ್ತು ಮೇಲೆ ಹಚ್ಚುವ ತೈಲ ಇವೆ. ಎಣ್ಣೆ ತಿಕ್ಕಿ ಮೀಯುವುದು, ದಿನವೂ ತುಸು ತುಸು ಹೆಚ್ಚಿಸುತ್ತ ನಡೆಯುವುದು, ಮೊದಲ ತಿಂಗಳು ಭಾರ ಹೊರದಿರುವುದು ಇವೆಲ್ಲ ಸಣ್ಣ ಉಪಾಯಗಳಲ್ಲ.

ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟಿದೆ, 2022ರಿಂದ ಮಾನಸಿಕ ನೆರವಿನ ಟೆಲಿ ಮಾನಸ್ 14416 ಕರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಶಿಬಿರದ ನೋಂದಣಿ ಹಾಳೆಯಲ್ಲಿ ಒಂದು ದೇಹದ ಚಿತ್ರ ಸೇರಿಸಿದರೆ ಸಾಕು: ನೋವಿರುವ ಜಾಗಕ್ಕೆ ಬಂದವನೇ ಗುರುತು ಹಾಕಲಿ. ಅದೇ ಚಿತ್ರವನ್ನು ಹತ್ತನೆಯ, ಮೂವತ್ತನೆಯ, ತೊಂಬತ್ತನೆಯ ದಿನ ನವಜೀವನ ಸಮಿತಿಯ ಸಭೆಯಲ್ಲಿ ಮತ್ತೆ ತುಂಬಿಸಲಿ. ಹತ್ತು ದಿನದಲ್ಲಿ ಮಸುಕಾದ ಗುರುತಿಗೆ ಧೈರ್ಯದ ಮಾತು ಸಾಕು. ಅಂಗಾಲಲ್ಲಿ ಉಳಿದದ್ದಕ್ಕೆ ಥಯಾಮಿನ್, ಹೆಬ್ಬೆರಳಿನದಕ್ಕೆ ಗೌಟ್ ಚಿಕಿತ್ಸೆ, ಬೆನ್ನಿನ ಬಿಗಿತಕ್ಕೆ ಮನೆಯ ನೀರಿನ ಪರೀಕ್ಷೆ. ತೊಡೆಸಂದಿನಲ್ಲಿ ಗುರುತು ಬಿದ್ದರೆ ತೊಂಬತ್ತನೆಯ ದಿನಕ್ಕೆ ಕಾಯದೆ ಅದೇ ವಾರ ಎಲುಬಿನ ವೈದ್ಯರ ಬಳಿಗೆ.